ಆನೆ, ಬೀದಿದೀಪ, ಬೆಳಗಿನ ಸ್ಕೂಲ್ ಬಸ್ಸು – ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ತನಕ ಏನ್ ಮಾಡೋಣ?

ಗದ್ದೆ ಪಕ್ಕದ ಮನೆ:
ಎಲ್ರೂ ದಯವಿಟ್ಟು ಓದಿ. ನಿನ್ನೆ ರಾತ್ರಿನೂ ಆನೆ ಬಂದಿತ್ತು, ಈ ಸಲ ಮರಿ ಸಮೇತ. ದೇವಸ್ಥಾನದ ಕೆಳಗಿನ ಗದ್ದೆಲಿ ಹಾಲುಗಟ್ಟಿದ್ ತೆನೆ ತಿಂದಿದ್ದಕ್ಕಿಂತ ತುಳಿದಿದ್ದೇ ಜಾಸ್ತಿ, ಮೊನ್ನೆ ಕಾವೇರಿ ಸಂಕ್ರಮಣಕ್ಕೆ ಬೊತ್ತ್ (ಗದ್ದೆಲಿ ಶಾಸ್ತ್ರಕ್ಕೆ ನೆಡೋ ಕೋಲು) ನೆಟ್ಟಿದ್ ಮೂಲೆಲಿ ಈಗ ಬರೀ ಹೆಜ್ಜೆ ಗುಂಡಿ. ಆದ್ರೆ ಭತ್ತಕ್ಕಿಂತ ದೊಡ್ ಭಯ ಬೇರೆ ಇದೆ. ಬೆಳಗ್ಗೆ ಹಿಂಡು ಗದ್ದೆಯಿಂದ ತೋಟಕ್ಕೆ ವಾಪಸ್ ಹೋಗೋ ದಾರಿ, ನಮ್ ಮಕ್ಕಳು ಬಸ್ಸಿಗೆ ನಡ್ಕೊಂಡ್ ಹೋಗೋ ದಾರಿ ಎರಡೂ ಒಂದೇ, ಟೈಮೂ ಹೆಚ್ಚುಕಮ್ಮಿ ಒಂದೇ, ಮೇಲಿಂದ ಮಂಜು, ಸೇತುವೆಯಿಂದ ಅಂಗಡಿ ತನಕ ಒಂದ್ ಬೀದಿದೀಪನೂ ಉರೀತಿಲ್ಲ, ಆನೆ ಎದುರಿಗೇ ನಿಂತಿದ್ರೂ ಗೊತ್ತಾಗಲ್ಲ. ಹುತ್ತರಿಗೆ ಇನ್ನೂ ತಿಂಗಳ ಮೇಲಿದೆ. ಅಲ್ಲೀವರೆಗೂ ಹಿಂಗೇ ಬಿಡಕ್ಕಾಗಲ್ಲ.

ಮೇಲಿನ ಲೈನ್ ಮನೆ:
ಹೌದು ಅಣ್ಣ. ತೋಟದ ಲೈನ್ ಮನೇಲಿರೋ ನಮ್ ಕೆಲ್ಸದವ್ರಿಗೆ ಈಗ ತೋಟದಲ್ಲಿ ಕಳೆ ಕಡಿಯೋ ಕೆಲ್ಸ, ರೊಬಸ್ಟಾ ಕಾಫಿ ಗಿಡ ಆಳೆತ್ತರ ಇದೆ, ಒಳಗೆ ಆನೆ ನಿಂತಿದ್ರೂ ಕಾಣಲ್ಲ. ಬೆಳಕಾದ್ಮೇಲೆ ಬರ್ತೀವಿ ಅಂದ್ರೆ ಲೇಟ್ ಅಂತಾರೆ. ತೋಟದ ಮಾಲೀಕ್ರು ಈ ಗುಂಪಲ್ಲಿದ್ರೆ ದಯವಿಟ್ಟು ಒಂದ್ ಗಂಟೆ ಲೇಟಾಗಿ ಶುರು ಮಾಡ್ಸಿ.

ಅಂಗಡಿ ಹಿಂದಿನ ಮನೆ:
ಪಟಾಕಿ ಹೊಡೆದು ಓಡ್ಸೋಣ, ಇಲ್ಲಾಂದ್ರೆ ಬೇಲಿಗೆ ನೇರ ಕರೆಂಟ್ ಕೊಡೋಣ, ಎಷ್ಟ್ ದಿನ ಸಹಿಸ್ಕೊಳ್ಳೋದು

ಗದ್ದೆ ಪಕ್ಕದ ಮನೆ:
ನಿಮ್ ಸಿಟ್ಟು ಅರ್ಥ ಆಗುತ್ತೆ, ನನ್ ಗದ್ದೆನೂ ಹೋಗಿದೆ. ಆದ್ರೆ ಕರೆಂಟ್ ಮಾತು ಬೇಡವೇ ಬೇಡ. ಸೋಲಾರ್ ಬೇಲಿಲಿ ಎನರ್ಜೈಸರ್ ಇರುತ್ತೆ, ಬಿಟ್ಟು ಬಿಟ್ಟು ಶಾಕ್ ಕೊಡುತ್ತೆ, ಆನೆ ಹೆದರಿ ಹಿಂದೆ ಹೋಗುತ್ತೆ ಹೊರತು ಸಾಯಲ್ಲ. ಮನೆ ಲೈನಿಂದ ತಂತಿ ಎಳೆದ್ರೆ ಆನೆ ಮಾತ್ರ ಅಲ್ಲ, ರಾತ್ರಿ ಗದ್ದೆಗೆ ನೀರು ನೋಡಕ್ ಹೋದೋರೂ, ದನಾನೂ ಹೋಗ್ಬಿಡ್ತಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜೈಲೂ ಗ್ಯಾರಂಟಿ. ಪಟಾಕಿನೂ ಅಷ್ಟೇ, ಮರಿ ಇರೋ ತಾಯಿ ಆನೆ ಓಡಲ್ಲ, ತಿರುಗಿ ಬರುತ್ತೆ, ಇಲ್ಲಾ ಹಿಂಡು ಚದುರಿ ಒಂದ್ ಲೈನ್ ಮನೆ ಕಡೆ, ಇನ್ನೊಂದ್ ರಸ್ತೆಗೆ. ಓಡ್ಸೋ ಕೆಲ್ಸ ಅರಣ್ಯ ಇಲಾಖೆ ಆರ್‌ಆರ್‌ಟಿ (ತಕ್ಷಣ ಬರೋ ತಂಡ) ಅವ್ರಿಗೆ ಬಿಡೋಣ, ಆನೆ ಕಂಡ ತಕ್ಷಣ ಇಲಾಖೆ ಸಹಾಯವಾಣಿ 1926ಕ್ಕೆ ಕಾಲ್ ಮಾಡಿ, ಜೊತೆಗೆ ಈ ಗುಂಪಲ್ಲಿ ಜಾಗ ಮತ್ತೆ ಯಾವ್ ಕಡೆ ಹೋಗ್ತಿದೆ ಅಂತ ಒಂದ್ ಸಾಲು ಹಾಕಿ, ವಾಯ್ಸ್ ಮೆಸೇಜ್ ಆದ್ರೂ ಸಾಕು. ಆನೆ ಬಂದಿದ್ ದಿನ ಗುಡ್ ಮಾರ್ನಿಂಗ್ ಫೋಟೋ ಯಾರೂ ಹಾಕ್ಬೇಡಿ, ಮುಖ್ಯ ಮೆಸೇಜ್ ಮುಚ್ಚೋಗುತ್ತೆ.

ಹೋಂಸ್ಟೇ:
ನಮ್ ಗೆಸ್ಟ್‌ಗಳಿಗೆ ಕತ್ತಲಾದ್ಮೇಲೆ ನಡ್ಕೊಂಡ್ ಹೋಗ್ಬೇಡಿ, ಆನೆ ಕಂಡ್ರೆ ಹಾರ್ನ್ ಹೊಡೀಬೇಡಿ, ಫ್ಲ್ಯಾಶ್ ಹಾಕ್ಬೇಡಿ ಅಂತ ಗೇಟಲ್ಲೇ ಬರೆದು ಹಾಕ್ತೀನಿ. ಬೆಳಗ್ಗೆ ಮಕ್ಕಳನ್ನ ಬಸ್ಸಿಗೆ ಬಿಡಕ್ಕೆ ಜೀಪ್ ಕೊಡ್ತೀನಿ, ಡೀಸೆಲ್ ಎಲ್ರೂ ಸೇರಿ ಹಾಕೋಣ.

ಸೇತುವೆ ಹತ್ರದ ಮನೆ:
ಪರಿಹಾರಕ್ಕೆ ಅರ್ಜಿ ಹಾಕಿದ್ರೂ ನಮ್ದು ಜಮ್ಮಾ ಜಾಗ (ಇಡೀ ಕುಟುಂಬಕ್ಕೆ ಸೇರಿದ್ ಪಿತ್ರಾರ್ಜಿತ ಜಾಗ), ಆರ್‌ಟಿಸಿಲಿ ಕುಟುಂಬದವರ ಹೆಸರೆಲ್ಲ ಇದೆ, ಒಬ್ರು ಬೆಂಗಳೂರು ಒಬ್ರು ದುಬೈ, ಯಾರ ಸೈನ್ ಅಂತ ತರೋದು?

ಗದ್ದೆ ಪಕ್ಕದ ಮನೆ:
ಈಗ್ಲೇ ಎಲ್ರ ಹತ್ರ ಒಪ್ಪಿಗೆ ಪತ್ರ ತರ್ಸಿಟ್ಕೊಳ್ಳಿ, ನಷ್ಟ ಆದ್ಮೇಲೆ ಓಡಾಡೋದು ಕಷ್ಟ. ತುಳಿದಿರೋ ಗದ್ದೆನ ಇಲಾಖೆಯವ್ರು ಬಂದು ನೋಡೋ ತನಕ ಸರಿ ಮಾಡಕ್ಕೆ ಹೋಗ್ಬೇಡಿ, ಫೋಟೋ ತೆಗೆದಿಡಿ. ನಮ್ಮೂರಲ್ಲಿ ಇನ್ನೂ ಗದ್ದೆ ಮಾಡ್ತಿರೋದೇ ಕೆಲವು ಮನೆ, ಉಳಿದಿದ್ದೆಲ್ಲ ಪಾಳು. ಇವ್ರೂ ಬಿಟ್ರೆ ಹುತ್ತರಿ ರಾತ್ರಿ ಕದಿರು ತೆಗೆಯಕ್ಕೆ ಬೇರೆ ಊರಿಗೆ ಹೋಗ್ಬೇಕಾಗುತ್ತೆ, ನನಗಂತೂ ಅದನ್ನ ನೆನೆಸ್ಕೊಂಡ್ರೇ ಸಂಕಟ ಆಗುತ್ತೆ.

ಅಡ್ಮಿನ್:
ಸರಿ. ಬೀದಿದೀಪ ಪಂಚಾಯ್ತಿ ಜವಾಬ್ದಾರಿ, ಅರ್ಜಿ ನಾನ್ ಬರೀತೀನಿ, ಕಂಬದ್ ನಂಬರ್ ಎಲ್ಲ ಹಾಕ್ಬೇಕು, ಯಾರಾದ್ರೂ ಹಗಲು ಹೊತ್ತು ನೋಡ್ಕೊಂಡ್ ಬನ್ನಿ. ಭಾನುವಾರ ಹತ್ತು ಗಂಟೆಗೆ ಅಂಗಡಿ ಮುಂದೆ, ಮನೆಗೊಬ್ರು ಬಂದು ಸೈನ್ ಹಾಕಿ. ಲೈನ್ ಮನೆಯವ್ರೂ ಖಂಡಿತ ಬರ್ಬೇಕು, ಅವ್ರ ಸೈನ್ ಇಲ್ದೆ ಅರ್ಜಿ ಹೋಗಲ್ಲ.

ಅಂಗಡಿ ಹಿಂದಿನ ಮನೆ:
ಕಂಬದ್ ನಂಬರ್ ನಾನ್ ತರ್ತೀನಿ. ನಾಳೆ ಜೀಪಲ್ಲೂ ಬರ್ತೀನಿ, ಮನೇಲಿ ದೊಡ್ ಟಾರ್ಚ್ ಇದೆ.

ಮೇಲಿನ ಲೈನ್ ಮನೆ:
ಜೀಪ್ ಮೊದ್ಲು ನಮ್ ಕಡೆ ಬರ್ಲಿ, ಇಲ್ಲಿಂದ ಮಕ್ಕಳು ಐದು ಜನ.