ಎರಡೇ ಸೀಟಿನ ಕಾರು, ಅರವತ್ತೆರಡು ಜನರ ಗುಂಪು

ನಮ್ಮ ‘ದೊಡ್ಡಮನೆ ಬಳಗ’ ಗುಂಪಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಶುಭೋದಯ, ಏಳರ ಮೇಲೆ ಮಳೆ ಲೆಕ್ಕ, ಹನ್ನೊಂದರ ಮೇಲೆ ಅಡಿಕೆ ರೇಟು. ಅಡ್ಮಿನ್ ನಾನು. ಶಿವಮೊಗ್ಗದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು, ಆ ರೇಟು ಹಾಕುವವನೂ ನಾನೇ. ಕಳೆದ ಬುಧವಾರ “ನಮ್ಮಲ್ಲಿ ಎರಡೂವರೆ ಇಂಚು”, “ನಮ್ಮಲ್ಲಿ ಬರೀ ಜಿಟಿಜಿಟಿ” ಅನ್ನುವುದರ ನಡುವೆ ತೀರ್ಥಹಳ್ಳಿ ಭಾವನಿಂದ ಒಂದು ಫಾರ್ವರ್ಡ್ ಬಂತು, ಆರು ಫೋಟೋ ಸಮೇತ.

“ಅಡಿಕೆ ನಂಬಿದವ ಕೆಟ್ಟ, ಹಳೇ ಕಾರು ನಂಬಿದವ ಗೆದ್ದ! 1967ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3. ಅತಿ ಅಪರೂಪದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಕೇವಲ 18 ಲಕ್ಷ. ದಿನಾ ಆಫೀಸಿಗೆ ಓಡಿಸಬಹುದು. ಹಳೇ ಕಾರಿನ ಬೆಲೆ ಪ್ರತಿ ವರ್ಷ ದುಪ್ಪಟ್ಟು!! ಹತ್ತು ಗುಂಪಿಗೆ ಕಳಿಸಿ.”

ಕೆಳಗೆ ಭಾವನ ಸ್ವಂತ ಸಾಲು: “ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆದು ಸುಸ್ತಾದವರೆಲ್ಲ ಓದಿ. ಪುಟ್ಟನಿಗೆ ಅಂತಲೇ ಹಾಕಿದ್ದು.”

ಪುಟ್ಟ ಅಂದರೆ ದೊಡ್ಡಪ್ಪನ ಮೊಮ್ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್. ಮೇ ತಿಂಗಳ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ “ಒಂದು ಹಳೇ ಕಾರು ತಗೋಬೇಕು ಅಂತಿದೆ” ಅಂದುಬಿಟ್ಟಿದ್ದ. ಅವತ್ತಿಂದ ಭಾವ ಅವನನ್ನು ಬಿಟ್ಟಿಲ್ಲ.

ಮೊದಲ ಉತ್ತರ ದೊಡ್ಡಪ್ಪನದು. ನಿವೃತ್ತ ಹೆಡ್‌ಮಾಸ್ಟರು. ಫೋನಲ್ಲೂ ಪತ್ರವನ್ನೇ ಬರೆಯುತ್ತಾರೆ.

“ಚಿ. ಪುಟ್ಟನಿಗೆ ಆಶೀರ್ವಾದಗಳು. ಎರಡೇ ಆಸನದ ವಾಹನವೆಂದು ಓದಿದೆ. ತಂದೆತಾಯಿಯನ್ನು ಕೂರಿಸಿಕೊಳ್ಳಲು ಜಾಗವಿಲ್ಲದ ವಾಹನಕ್ಕೆ 18 ಲಕ್ಷ ಕೊಡುವುದು ಯಾವ ಸಂಸ್ಕಾರ? ಇದೇ ಮನೆಯಲ್ಲಿ ಒಂದು ಕಾರಿನಲ್ಲಿ ಒಂಬತ್ತು ಜನ ಹೋಗುತ್ತಿದ್ದೆವು. ಇತಿ.”

ಪುಟ್ಟ: “ಅಜ್ಜ, ನಾನಿನ್ನೂ ತಗೊಂಡಿಲ್ಲ. ಫಾರ್ವರ್ಡ್ ಬಂದಿದ್ದು ಈಗ.”

ಭದ್ರಾವತಿ ಮಾವ: “ಪ್ರತಿ ವರ್ಷ ದುಪ್ಪಟ್ಟು ಅಂತ ಯಾರು ಹೇಳಿದ್ದು? ಆಧಾರ ಎಲ್ಲಿ?”

ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ‘ಆಧಾರ ಎಲ್ಲಿ’ ಅನ್ನುವುದು ಅವರ ನಮಸ್ಕಾರ ಇದ್ದ ಹಾಗೆ. ಮದುವೆ ಕರೆಯೋಲೆ ಹಾಕಿದರೂ ಪಂಚಾಂಗದ ಪುಟ ಕೇಳುತ್ತಾರೆ.

ತೀರ್ಥಹಳ್ಳಿ ಭಾವ: “ಮಾವ, ಎಲ್ಲದಕ್ಕೂ ಆಧಾರ ಕೇಳಿದರೆ ಆಧಾರ್ ಕಾರ್ಡೇ ಕಳಿಸಬೇಕಾಗುತ್ತೆ.”

ಭದ್ರಾವತಿ ಮಾವ: “ಲೆಕ್ಕ ಮಾಡು. ವರ್ಷಕ್ಕೆ ದುಪ್ಪಟ್ಟಾದರೆ ಹತ್ತು ವರ್ಷಕ್ಕೆ 1,024 ಪಟ್ಟು. ಇವತ್ತಿನ 18 ಲಕ್ಷ ಆಗ 184 ಕೋಟಿ. ಅಷ್ಟು ಬರೋದಾದರೆ ಮಾರೋನು ಯಾಕೆ ಮಾರ್ತಾನೆ? ಅವನಿಗೆ ಎಲೆಚುಕ್ಕಿ ಬಂದಿದೆಯಾ?”

ಇಲ್ಲಿಗೇ ಮುಗಿಯಬೇಕಿತ್ತು. ಅಷ್ಟರಲ್ಲಿ ಸಾಗರದ ಅತ್ತೆ ಬಂದರು.

“ಒಂದು ಕಾರಲ್ಲಿ ಒಂಬತ್ತು ಜನ ಅಂದ ಕೂಡಲೇ ಅಪ್ಪಯ್ಯನ ಹೆರಾಲ್ಡ್ ನೆನಪಾಯ್ತು. ಕೆನೆ ಬಣ್ಣ. ಎರಡೇ ಬಾಗಿಲು, ನಾವು ಮಕ್ಕಳು ಮುಂದಿನ ಸೀಟು ಮಡಚಿ ಹಿಂದೆ ನುಗ್ಗಬೇಕಿತ್ತು. ಜೋಗಕ್ಕೆ ಹೋಗುವಾಗ ಮೊಸರನ್ನದ ಡಬ್ಬಿ ನನ್ನ ತೊಡೆ ಮೇಲೆ. ಬಾನೆಟ್ ತೆಗೆದರೆ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು, ಮೊಸಳೆ ಬಾಯಿ ಹಾಗೆ. ಆ ಕಾರು ಮಾರಬಾರದಿತ್ತು.”

ಕೊನೆಯ ಸಾಲು ಯಾರಿಗೆ ಅಂತ ಗುಂಪಿನ ಅರವತ್ತೆರಡು ಜನಕ್ಕೂ ಗೊತ್ತು.

ದೊಡ್ಡಪ್ಪ: “ಮಾರಿದ್ದು 1984ರಲ್ಲಿ. ಆಗ ಅದು ನಿಂತು ಎರಡು ವರ್ಷವಾಗಿತ್ತು. 6,500 ರೂಪಾಯಿ ಬಂತು. ಲೆಕ್ಕ ಪುಸ್ತಕದಲ್ಲಿದೆ.”

ತೀರ್ಥಹಳ್ಳಿ ಭಾವ: “ನಿಮ್ಮ ಮಗಳು 9,000 ಅಂತಾಳಲ್ಲ ಅತ್ತೆ?”

ಸಾಗರದ ಅತ್ತೆ: “ಆರೂವರೆಯೋ ಒಂಬತ್ತೋ, ನನಗೆ ಬರಬೇಕಾದ 500 ಬಂದಿಲ್ಲ ಅನ್ನೋದಂತೂ ನಿಜ.”

ಅಡ್ಮಿನ್ ಆಗಿ ನಾನು “ದಯವಿಟ್ಟು ವಿಷಯಕ್ಕೆ ಬನ್ನಿ” ಅಂತ ಬರೆದೆ. ಮೂರು ಜನ ಹೆಬ್ಬೆರಳು ಒತ್ತಿದರು. ವಿಷಯಕ್ಕೆ ಯಾರೂ ಬರಲಿಲ್ಲ. ಮಧ್ಯಾಹ್ನದವರೆಗೆ ನಲವತ್ತೇಳು ಮೆಸೇಜು, ಅದರಲ್ಲಿ ಸ್ಪಿಟ್‌ಫೈರ್ ಅನ್ನುವ ಪದ ಎರಡೇ ಸಲ. ಆ 500 ರೂಪಾಯಿಯನ್ನು ಬ್ಯಾಂಕಲ್ಲಿ ಇಟ್ಟಿದ್ದರೆ ಈಗೆಷ್ಟು ಆಗುತ್ತಿತ್ತು ಅಂತ ಕೊಪ್ಪದ ತಂಗಿ ಬಡ್ಡಿ ಹಾಕಿ ತೋರಿಸಿದಳು. ಅವಳು ಸಹಕಾರಿ ಬ್ಯಾಂಕಲ್ಲಿ ಇರುವವಳು, ತಡೆಯಲು ಆಗಲ್ಲ.

ಸಂಜೆ ಮಂಡಿ ಬಾಗಿಲು ಹಾಕುವ ಹೊತ್ತಿಗೆ ನಾನು ಆ ಆರು ಫೋಟೋ ತೆರೆದು ನೋಡಿದೆ. ಅಲ್ಲಿಯವರೆಗೆ ನಾನೂ ನೋಡಿರಲಿಲ್ಲ, ಸುಳ್ಳು ಯಾಕೆ. ಮೂರು ಫೋಟೋ ಕಾರಿನದು: ಕೆಂಪು, ಹೊಳಪು, ಪಕ್ಕದಲ್ಲಿ ಯಾರದೋ ಕನ್ನಡಕದ ನೆರಳು. ನಾಲ್ಕನೆಯದು ಒಂದು ತಗಡಿನ ಪಟ್ಟಿ, ಅದರ ಮೇಲೆ ಅಕ್ಷರ, ಅಂಕಿ. ಅಡಿಕೆ ಚೀಲ ಬಿಚ್ಚಿದ ಕೂಡಲೇ ಮೇಲಿನ ಹಿಡಿಯನ್ನು ನಾವು ನಂಬಲ್ಲ. ಮೇಲೆ ಒಳ್ಳೇ ರಾಶಿ ಇಡಿ ಇಟ್ಟು ಕೆಳಗೆ ಕಳಪೆ ಗೊರಬಲು ತುಂಬಿದವರನ್ನು ಎಷ್ಟು ನೋಡಿದ್ದೇವೆ! ಕೈಯನ್ನು ಮೊಣಕೈವರೆಗೆ ಇಳಿಸಿ ಅಡಿಯಿಂದ ತೆಗೆಯಬೇಕು, ಕತ್ತರಿಸಿ ಒಳಗೆ ನೋಡಬೇಕು. ಹಾಗಾಗಿ ಆ ಪಟ್ಟಿಯನ್ನು ದೊಡ್ಡದು ಮಾಡಿ ಗುಂಪಿಗೆ ಹಾಕಿದೆ: “ಇದರಲ್ಲಿ ಎಫ್‌ಎಚ್ ಅಂತ ಶುರುವಾಗುತ್ತೆ. ಯಾರಿಗಾದರೂ ಏನಂತ ಗೊತ್ತಾ?”

ಮಾವ ಒಂದೂವರೆ ಗಂಟೆ ಸುಮ್ಮನಿದ್ದರು. ಆಮೇಲೆ ಬಂದಿದ್ದು ಈ ದಿನದ ಏಕೈಕ ಉಪಯೋಗದ ಮೆಸೇಜು. ಪೂರ್ತಿ ಇಳಿಸುತ್ತೇನೆ.

“ಸ್ಪಿಟ್‌ಫೈರ್ ಮಾರ್ಕ್ 3ರ ಕಂಪನಿ ನಂಬರು ಎಫ್‌ಡಿ ಅಂತ ಶುರುವಾಗಬೇಕು. ಎಫ್‌ಎಚ್ ಅಂದರೆ ಮಾರ್ಕ್ 4 ಅಥವಾ ಅದರ ನಂತರದ್ದು, ಅಂದರೆ 1970ಕ್ಕೆ ಈಚೆಗೆ. ಫೋಟೋ ನೋಡಿದರೂ ಗೊತ್ತಾಗುತ್ತೆ. ಹಳೇದಕ್ಕೆ ಬಾನೆಟ್ ಮೇಲೆ ಎರಡೂ ಪಕ್ಕ ಉದ್ದಕ್ಕೆ ಜೋಡಣೆಯ ಏಣು ಇರುತ್ತೆ, ಹಿಂಭಾಗ ದುಂಡಗೆ. ಇದಕ್ಕೆ ಏಣಿಲ್ಲ, ಹಿಂಭಾಗ ಕತ್ತಿಯಲ್ಲಿ ಕಡಿದ ಹಾಗೆ ಚಪ್ಪಟೆ. ದುಂಡಗಿನದಕ್ಕೇ ಸಾಮಾನ್ಯವಾಗಿ ಜನ ಹೆಚ್ಚು ಕೊಡುತ್ತಾರೆ, ಅದಕ್ಕೇ ಇವನು 1967 ಅಂತ ಬರೆದಿರಬೇಕು. ಅಪರೂಪ ಅನ್ನೋದೂ ಸುಳ್ಳು. 1962ರಿಂದ 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಮಾಡಿದ್ದಾರೆ. ಅದು ಒಳ್ಳೇದೇ, ಬ್ರಿಟನ್ನಿನಿಂದ ಬಿಡಿಭಾಗ ಈಗಲೂ ಸಿಗುತ್ತೆ. ಆದರೆ ಅಪರೂಪದ ಬೆಲೆ ಕೊಡಬಾರದು. ದಿನಾ ಆಫೀಸಿಗೆ ಅನ್ನೋದು ಮೂರನೇ ಸುಳ್ಳು. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಲ್ಲಿ ವಿಂಟೇಜ್ ಅಂತ ಮಾಡಿಸಿದರೆ 20,000 ರೂಪಾಯಿ ಫೀಸು, ವಿಎ ಅಕ್ಷರದ ನಂಬರ್ ಪ್ಲೇಟು, 10 ವರ್ಷ. ಆದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ ಹೊರಗೆ ತೆಗೀಬೇಕು.”

ತೀರ್ಥಹಳ್ಳಿ ಭಾವ: “ಹಾಗಾದರೆ ಪುಟ್ಟ, ಪೆಟ್ರೋಲ್ ಹಾಕಿಸೋಕೆ ಅಂತ ಬೆಂಗಳೂರಿಂದ ತೀರ್ಥಹಳ್ಳಿಗೆ ಬಾ. ನಮ್ಮ ಬಂಕಲ್ಲಿ ಚೆನ್ನಾಗಿ ಹಾಕ್ತಾರೆ.”

ಇಷ್ಟೆಲ್ಲ ಆದ ಮೇಲೆ ಭಾವ ತಾನು ಹಾಕಿದ ಫಾರ್ವರ್ಡ್ ತಪ್ಪು ಅಂತ ಒಪ್ಪಿಕೊಂಡನಾ? ಎಲ್ಲಿಂದ! “ನಾನು ಬರೆದದ್ದಲ್ಲ, ಬಂದಿದ್ದನ್ನ ಹಾಕಿದೆ” ಅಂದ.

ಪುಟ್ಟ ಮತ್ತೆ ಬಾಯಿ ಬಿಟ್ಟ: “ಮಾವಜ್ಜ, ಮಾರ್ಕ್ 4 ಆದರೂ ನನಗೆ ಪರವಾಗಿಲ್ಲ. ಎಷ್ಟಕ್ಕೆ ಕೇಳಬಹುದು?”

ಮಾವ: “ನೋಡದೆ ರೇಟು ಹೇಳೋಕೆ ನಾನೇನು ಫಾರ್ವರ್ಡಾ? ಬಾಗಿಲ ಕೆಳಗೆ ಉದ್ದಕ್ಕೆ ಪೆಟ್ಟಿಗೆ ಹಾಗೆ ತಗಡಿರುತ್ತೆ, ಎರಡೂ ಪಕ್ಕ. ಈ ಕಾರಲ್ಲಿ ಅದು ಅಲಂಕಾರ ಅಲ್ಲ, ಬಾಡಿಯ ಬಲ ಅದರಲ್ಲೇ. ಅಲ್ಲಿ ತುಕ್ಕು ಹಿಡಿದರೆ ಮೇಲೆ ಪುಟ್ಟಿ ಬಳಿದು ಕೆಂಪು ಹೊಡೀತಾರೆ. ಅಯಸ್ಕಾಂತಕ್ಕೆ ತೆಳ್ಳಗಿನ ಬಟ್ಟೆ ಸುತ್ತಿ ಉದ್ದಕ್ಕೂ ಎಳೆದುಕೊಂಡು ಹೋಗು. ಎಲ್ಲಿ ಹಿಡಿತ ಬಿಟ್ಟು ಜಾರುತ್ತೋ ಅಲ್ಲಿ ಕಬ್ಬಿಣ ಇಲ್ಲ. ಆಮೇಲೆ ಎಂಜಿನ್ನು. ಒಬ್ಬ ಕ್ಲಚ್ ಒತ್ತಿ ಬಿಡಬೇಕು, ಇನ್ನೊಬ್ಬ ಮುಂದೆ ಕೂತು ಕ್ರ್ಯಾಂಕಿನ ಪುಲ್ಲಿ ನೋಡಬೇಕು. ಕಣ್ಣಿಗೆ ಕಾಣೋ ಹಾಗೆ ಹಿಂದೆ ಮುಂದೆ ಆಡಿದರೆ ಒಳಗೆ ಕ್ರ್ಯಾಂಕನ್ನು ಜಾಗದಲ್ಲಿ ಹಿಡಿದಿಡೋ ಥ್ರಸ್ಟ್ ವಾಷರ್ ಸವೆದಿದೆ. ಉದುರಿದರೆ ಬ್ಲಾಕೇ ಹೋಯ್ತು. ಇದೆಲ್ಲದರ ರಿಪೇರಿ ಖರ್ಚು ಬರೆದು 18ರಲ್ಲಿ ಕಳೀ. ಉಳಿದದ್ದರ ಮೇಲೆ ಮಾತು ಶುರು ಮಾಡು. ಕೇಳಿದ ರೇಟು ಬೇರೆ, ಕೈ ಬದಲಾದ ರೇಟು ಬೇರೆ. ನಿನ್ನ ಚಿಕ್ಕಪ್ಪ ಮಂಡೀಲಿ ದಿನಾ ನೋಡ್ತಾನೆ, ಕೇಳು.”

ನಿಜ, ನೋಡುತ್ತೇನೆ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಯಾಕೆಂದರೆ ಸಾಗರದ ಅತ್ತೆಗೆ ಮತ್ತೆ ಹೆರಾಲ್ಡ್ ನೆನಪಾಗಿತ್ತು.

“ಸ್ಪಿಟ್‌ಫೈರಿನ ಬಾನೆಟ್ಟೂ ಹಾಗೇ ಮಗುಚಿಕೊಂಡಿದೆಯಲ್ಲ ಫೋಟೋದಲ್ಲಿ? ನಮ್ಮದರ ಹಾಗೇ!”

ಮಾವ: “ನಿಮ್ಮದರ ಹಾಗೇ ಅಲ್ಲ, ನಿಮ್ಮದೇ. ಹೆರಾಲ್ಡಿನ ಚಾಸಿ ಗಿಡ್ಡ ಮಾಡಿ ಸ್ಪಿಟ್‌ಫೈರ್ ಮಾಡಿದ್ದು. ನಮ್ಮ ಹೆರಾಲ್ಡ್ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯಲ್ಲಿ ತಯಾರಾಗಿದ್ದು, ಆದರೆ ವಂಶ ಒಂದೇ.”

ಗುಂಪು ಒಂದು ನಿಮಿಷ ಸ್ತಬ್ಧ. ನಮ್ಮ ಮನೆಯಲ್ಲಿ ಸ್ಪೋರ್ಟ್ಸ್ ಕಾರಿನ ದಾಯಾದಿಯೊಂದು ಅಡಿಕೆ ಅಂಗಳದಲ್ಲಿ ನಿಂತಿತ್ತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪ ಮಾತ್ರ ಒಂದು ಸಾಲು ಬರೆದರು: “ಅಡಿಕೆ ಹರವಿದ್ದಾಗಲೂ ತುಳಸಿಕಟ್ಟೆ ಸುತ್ತಿ ಒಂದೇ ಸಲಕ್ಕೆ ತಿರುಗುತ್ತಿತ್ತು.”

ಮಾವ: “25 ಅಡಿ ಸುತ್ತಳತೆ ಸಾಕು ಅದಕ್ಕೆ.” ಆಮೇಲೆ ತಿದ್ದಿದರು: “ಸುತ್ತಳತೆ ಅಲ್ಲ, ಅಡ್ಡಗಲ.” ತಪ್ಪು ಒಪ್ಪಿಕೊಂಡ ಏಕೈಕ ಮನುಷ್ಯ.

ಸಾಗರದ ಅತ್ತೆ: “ತುಳಸಿಕಟ್ಟೆ ಹತ್ತಿರ ತಿರುಗಿದ್ದು ಬಿಡು. ಆಗುಂಬೆ ಘಾಟಿಯಲ್ಲಿ ತಿರುಗಿದ್ದು ಹೇಳು ಅಣ್ಣ.”

ಈ ಕಥೆ ನಮ್ಮಲ್ಲಿ ಪ್ರತಿ ದೀಪಾವಳಿಗೂ ಆಗುತ್ತದೆ. 1974ರ ಮಳೆಗಾಲ. ದೊಡ್ಡಪ್ಪನಿಗೆ ಇಪ್ಪತ್ತು. ಪಕ್ಕದಲ್ಲಿ ಅಜ್ಜ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಒಂದು ತಿರುವಲ್ಲಿ ಕಾರು ಗಿರಕಿ ಹೊಡೆದು, ಮೂತಿ ಮತ್ತೆ ಆಗುಂಬೆ ಕಡೆಗೆ ಮಾಡಿ, ಕಟ್ಟೆಗೆ ಒಂದು ಗೇಣು ಬಿಟ್ಟು ನಿಂತಿತು. ಅಜ್ಜ ಏನೂ ಬಯ್ಯಲಿಲ್ಲ. ಇಳಿದು, ಎಲೆಯಡಿಕೆ ಹಾಕಿಕೊಂಡು, ಬೀಗದ ಕೈ ತಾವು ತೆಗೆದುಕೊಂಡರು. ಮತ್ತೆ ಯಾವತ್ತೂ ಕೊಡಲಿಲ್ಲ. “ಕಾರು ಮಾರಿದ್ದು ಅದರ ಸೇಡಿಗೆ” ಅಂತ ಅತ್ತೆಯ ವಾದ. ದೊಡ್ಡಪ್ಪ ಅದಕ್ಕೆ ಇದುವರೆಗೆ ಉತ್ತರ ಕೊಟ್ಟದ್ದಿಲ್ಲ.

ಈ ಸಲ ಉತ್ತರ ಮಾವ ಕೊಟ್ಟರು. ಮಾವನಿಗೆ ದೊಡ್ಡಪ್ಪ ಭಾವ ಆಗಬೇಕು.

“ಅದು ಬರೀ ಭಾವನ ತಪ್ಪಲ್ಲ. ಹೆರಾಲ್ಡಿಗೆ ಹಿಂದೆ ಸ್ವಿಂಗ್ ಆ್ಯಕ್ಸಲ್. ಕೀಲು ಮಧ್ಯದಲ್ಲಿ ಮಾತ್ರ, ಚಕ್ರದ ಹತ್ತಿರ ಇಲ್ಲ. ಜೋರಾಗಿ ತಿರುವಿಗೆ ನುಗ್ಗಿ ಹೆದರಿ ಫಕ್ಕನೆ ಆ್ಯಕ್ಸಿಲರೇಟರಿಂದ ಕಾಲು ತೆಗೆದರೆ ಹಿಂಭಾಗ ಮೇಲೇಳುತ್ತೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಟೈರು ಅಂಚಿನ ಮೇಲೆ ನಿಲ್ಲುತ್ತೆ. ಆಮೇಲೆ ಹಿಂದಿನದು ಮುಂದೆ. ಸ್ಪಿಟ್‌ಫೈರಿಗೂ ಮೊದಲು ಅದೇ ಚಾಳಿ. ಮಾರ್ಕ್ 4ರಲ್ಲಿ ಸ್ಪ್ರಿಂಗ್ ಜೋಡಣೆ ಬದಲಾಯಿಸಿ ಸರಿ ಮಾಡಿದರು. ಪುಟ್ಟನಿಗೆ ಸುಳ್ಳು ಹೇಳಿ ಮಾರ್ಕ್ 4 ಕೊಡ್ತಿದ್ದರೆ ಆ ಮಟ್ಟಿಗೆ ಉಪಕಾರವೇ.”

‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ಹೋಯ್ತು. ಮತ್ತೆ ಬಂತು. ನಾನು ಊಟಕ್ಕೆ ಕೂತವನು ಫೋನನ್ನು ಬಾಳೆಲೆ ಪಕ್ಕ ಇಟ್ಟುಕೊಂಡೆ. ನನ್ನಂಥವರು ಇನ್ನೂ ಹತ್ತು ಜನ ಕಾಯುತ್ತಿದ್ದಿರಬೇಕು, ಯಾರೂ ನಡುವೆ ಏನೂ ಹಾಕಲಿಲ್ಲ, ಭಾವ ಕೂಡ.

ದೊಡ್ಡಪ್ಪ: “ಕಾಲು ತೆಗೆದಿದ್ದೆ.”

ಚಿರಂಜೀವಿ ಇಲ್ಲ, ಆಶೀರ್ವಾದ ಇಲ್ಲ, ಇತಿ ಇಲ್ಲ.

ಸಾಗರದ ಅತ್ತೆ ಹತ್ತು ನಿಮಿಷ ಬಿಟ್ಟು ಒಂದು ಫೋಟೋ ಹಾಕಿದರು. ಅವರ ಮನೆ ಹಿಂದಿನ ಸೌದೆ ಕೊಟ್ಟಿಗೆ. ಸೌದೆ ರಾಶಿಯ ಮೇಲೆ ಮಳೆಗೆ ಮುಚ್ಚಿದ ಒಂದು ದೊಡ್ಡ ತಗಡು. ಪಾಚಿ ಕಟ್ಟಿದೆ, ಎರಡು ಕಡೆ ದೀಪದ ಗುಂಡಗಿನ ತೂತು, ಒಂದು ತೂತಲ್ಲಿ ಬೆಕ್ಕಿನ ಮರಿ. ಕೆನೆ ಬಣ್ಣ ಅಂಗೈಯಷ್ಟು ಉಳಿದಿದೆ. “ಕೊಂಡವನು ಕಾರು ಒಡೆದು ತೂಕಕ್ಕೆ ಹಾಕುವಾಗ ಇದನ್ನು ನಾನೇ 80 ರೂಪಾಯಿ ಕೊಟ್ಟು ತಂದೆ” ಅಂತ ಬರೆದರು. ನಲವತ್ತು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ.

ತೀರ್ಥಹಳ್ಳಿ ಭಾವ: “80 ರೂಪಾಯಿ. ಪ್ರತಿ ವರ್ಷ ದುಪ್ಪಟ್ಟು. ಅತ್ತೆ, ಸೌದೆ ಸುಡಬೇಡಿ, ಆಸ್ತಿ ಅದು.”

ಪುಟ್ಟ: “ಭಾನುವಾರ ಆ ಕಾರು ನೋಡೋಕೆ ಹೋಗ್ತೀನಿ. ಮಾವಜ್ಜ, ಬರ್ತೀರಾ?”

ಭದ್ರಾವತಿ ಮಾವ: “ಅಯಸ್ಕಾಂತ ನನ್ನ ಹತ್ತಿರ ಇದೆ. ಪುಲ್ಲಿ ನಾನು ನೋಡ್ತೀನಿ. ಕ್ಲಚ್ ಒತ್ತೋಕೆ ಇನ್ನೊಬ್ಬ ಬೇಕು.”

ದೊಡ್ಡಪ್ಪ: “ನಾನು ಬರುತ್ತೇನೆ. ಕ್ಲಚ್ ನಾನು ಒತ್ತುತ್ತೇನೆ.”

ಭದ್ರಾವತಿ ಮಾವ: “ಕ್ಲಚ್ ಮಾತ್ರ, ಭಾವ.”