ಸಹಾಯ ಬೇಕು: ಬಿದ್ದು ತಲೆಗೆ ಪೆಟ್ಟಾದ ಹಿರಿಯರ ಆರೈಕೆ
ಗುಂಪಿನಲ್ಲಿರುವ ವೈದ್ಯರಿಗೂ ಶುಶ್ರೂಷಕರಿಗೂ ನಮಸ್ಕಾರ. ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನಾಡಿಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಅನ್ನೂ ಸೇವಿಸುವ ನಮ್ಮ ತಂದೆಯವರು ಜಾರಿ ಬಿದ್ದಾಗ, ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬಾವಿದ್ದರೂ ಮಾತು ಸ್ಪಷ್ಟವಾಗಿದ್ದು ನಾಡಿ 72 ಇದ್ದುದರಿಂದ, ತುರ್ತು ವಿಭಾಗದಲ್ಲಿ ಅವರನ್ನು ಬಹಳ ಹೊತ್ತು ಕಾಯಿಸಲಾಯಿತು. ಬೀಟಾ ಬ್ಲಾಕರ್ ಸೇವಿಸುವವರಲ್ಲಿ ಒಳಗೆ ರಕ್ತಸ್ರಾವವಾಗುತ್ತಿದ್ದರೂ ನಾಡಿಬಡಿತ ಏರದಿರಬಹುದು. 65 ದಾಟಿದ ಗಾಯಾಳುಗಳಲ್ಲಿ ಮೇಲಿನ ರಕ್ತದೊತ್ತಡ 110ಕ್ಕಿಂತ ಕಡಿಮೆಯಿದ್ದರೂ ಅಪಾಯವೆಂದೇ ಎಣಿಸಬೇಕಾಗುತ್ತದೆ. ಆದ್ದರಿಂದ ಆ ಕಾಯುವಿಕೆ ನನಗೆ ಸರಿಯೆನಿಸಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಂಡಿಲ್ಲ, ಈಗ ಮನೆಯಲ್ಲಿದ್ದಾರೆ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ಮಿದುಳಿನ ರಕ್ತಸ್ರಾವ ತಡವಾಗಿಯೂ ಕಾಣಿಸಿಕೊಳ್ಳಬಹುದಾದ್ದರಿಂದ, ವಾಂತಿ, ಗೊಂದಲ, ಹೆಚ್ಚುವ ತಲೆನೋವು, ಅತಿಯಾದ ಮಂಪರುಗಳ ಹೊರತಾಗಿ ಇನ್ನೇನನ್ನು ಗಮನಿಸಬೇಕು, ರಾತ್ರಿ ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಬೇಕು, ಸ್ಕ್ಯಾನ್ ಮತ್ತೆ ಮಾಡಿಸಬೇಕೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ. ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಿಲ್ಲ. ಅದನ್ನು ಅವರ ಹೃದ್ರೋಗ ತಜ್ಞರನ್ನೇ ಕೇಳುತ್ತೇವೆ.