‘ಕಡಿಮೆ ತೀವ್ರತೆಯ ಕಸಿ’: ಕಡಿಮೆಯಾಗುವುದು ಯಾವುದು?

ಬಳಗದವರಿಗೆ ನಮಸ್ಕಾರ.

ರಕ್ತ ಕ್ಯಾನ್ಸರ್ ರೋಗಿಗಳಿಗಾಗಿ ಬರೆದ ಕಿರುಪುಸ್ತಿಕೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ‘ರೆಡ್ಯೂಸ್ಡ್ ಇಂಟೆನ್ಸಿಟಿ ಕಾರ್ಡ್ ಬ್ಲಡ್ ಟ್ರಾನ್ಸ್‌ಪ್ಲಾಂಟ್’ ಎಂಬುದಕ್ಕೆ ಕರಡಿನಲ್ಲಿ ‘ಕಡಿಮೆ ತೀವ್ರತೆಯ ಹೊಕ್ಕುಳಬಳ್ಳಿ ರಕ್ತದ ಕಸಿ’ ಎಂದಿದೆ. ಪದಗಳೆಲ್ಲ ಸರಿ, ಅರ್ಥ ಮಾತ್ರ ಅಡ್ಡದಾರಿ ಹಿಡಿದಿದೆ.

ದಾನಿ ಕೂಸಿನ ಹೊಕ್ಕುಳಬಳ್ಳಿಯಲ್ಲಿ ಉಳಿದ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕೋಶಗಳಿರುತ್ತವೆ; ಅವನ್ನು ರೋಗಿಗೆ ಕೊಡುವುದೇ ಈ ಕಸಿ. ಇಲ್ಲಿ ಕಡಿಮೆ ಮಾಡುವುದು ಕಸಿಯನ್ನಲ್ಲ, ಅದಕ್ಕೂ ಮುಂಚೆ ಕೊಡುವ ಕೀಮೋ ಮತ್ತು ವಿಕಿರಣವನ್ನು. ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ರೋಗಿಯ ಮೂಳೆಮಜ್ಜೆಯೇ ನಾಶವಾಗುತ್ತದೆ. ವಯಸ್ಸಾದವರು, ಬೇರೆ ಕಾಯಿಲೆಗಳಿಂದ ಬಳಲಿದವರು ಅದನ್ನು ತಾಳಲಾರರು. ಅಂಥವರಿಗೆ ಫ್ಲೂಡರಾಬಿನ್, ಸೈಕ್ಲೋಫಾಸ್ಫಮೈಡ್ ಔಷಧಿಗಳ ಜೊತೆಗೆ ಇಡೀ ಮೈಗೆ 2 ಗ್ರೇ (ಗ್ರೇ ಎಂದರೆ ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ಕೊಡುವ ಕ್ರಮವೊಂದಿದೆ. ಪೂರ್ಣ ಪ್ರಮಾಣವಾದರೆ ವಿಕಿರಣ 12 ಗ್ರೇ ದಾಟುವುದೂ ಉಂಟು. ಕಡಿಮೆ ಪ್ರಮಾಣದ ಕ್ರಮದಲ್ಲಿ ಹೊಸ ಕೋಶಗಳನ್ನು ಹೊರದಬ್ಬದಷ್ಟು ರೋಗಿಯ ರೋಗನಿರೋಧಕ ಶಕ್ತಿ ತಗ್ಗಿದರೆ ಸಾಕು. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ದಾನಿಯ ಬಿಳಿ ರಕ್ತಕಣಗಳೇ ಮುಗಿಸಬೇಕು. ಹೀಗಾಗಿ ಕಸಿಯ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ‘ಕಡಿಮೆ ತೀವ್ರತೆಯ ಕಸಿ’ ಎಂದು ಓದಿದ ರೋಗಿ ಇದೇನೋ ಸಣ್ಣ ಚಿಕಿತ್ಸೆ ಎಂದುಕೊಂಡರೆ ತಪ್ಪು ಅವರದಲ್ಲ. ಸೋಂಕಿನ ಭಯ ಇಲ್ಲಿಯೂ ಇದ್ದೇ ಇದೆ.

ಕಸಿಗೆ ಮುಂಚಿನ ಈ ಕೀಮೋ-ವಿಕಿರಣಕ್ಕೆ ಇಂಗ್ಲಿಷಿನಲ್ಲಿ ‘ಕಂಡಿಷನಿಂಗ್’ ಎನ್ನುತ್ತಾರೆ. ಅದಕ್ಕೆ ಏನು ಹೇಳೋಣ? ‘ಅನುಕೂಲನ’ ಎಂದರೆ ಯಾರಿಗೆ ಅನುಕೂಲ ಎಂದು ಕೇಳುತ್ತಾರೆ. ‘ಪೂರ್ವಸಿದ್ಧತೆ’ ಎಂದರೆ ಬಟ್ಟೆಬರೆ ಜೋಡಿಸಿಕೊಂಡು ಆಸ್ಪತ್ರೆಗೆ ಹೊರಡುವುದೂ ಆದೀತು. ನನ್ನ ಒಲವು ‘ಹದಗೊಳಿಕೆ’ಯ ಕಡೆಗೆ. ಕಸಿ ತೋಟದ ಮಾತಾದರೆ ಹದ ಹೊಲದ ಮಾತು. ‘ಮಿತ ಹದಗೊಳಿಕೆಯ ಕಸಿ’ ಎಂದರೆ ಹೇಗೆ? ‘ಸೌಮ್ಯ’ ಮಾತ್ರ ಬೇಡ, ಸಾಬೂನಿನ ಜಾಹೀರಾತಿನ ವಾಸನೆ ಬರುತ್ತದೆ.

ಹೊಕ್ಕುಳಬಳ್ಳಿಯ ಬದಲು ‘ಕರುಳಬಳ್ಳಿ’ ಇರಲಿ ಎಂದು ನಮ್ಮಲ್ಲೊಬ್ಬರ ಸಲಹೆ. ಕಿವಿಗೆ ಇಂಪು, ಆದರೆ ಕರುಳಬಳ್ಳಿ ಎಂದರೆ ಸ್ವಂತ ಮಕ್ಕಳು ಎಂಬ ಅರ್ಥ ನಮ್ಮಲ್ಲಿ ಬಲವಾಗಿದೆ. 1988ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಇಂಥ ಮೊದಲ ಕಸಿಯಲ್ಲಿ ತಂಗಿಯ ಬಳ್ಳಿಯ ರಕ್ತ ಅಣ್ಣನಿಗೆ ಹೋಯಿತು, ನಿಜ. ಆಮೇಲೆ ಈ ರಕ್ತವನ್ನು ಕೂಡಿಡುವ ಸಾರ್ವಜನಿಕ ಬ್ಯಾಂಕುಗಳು ಬಂದು, ಗುರುತುಪರಿಚಯವಿಲ್ಲದ ಕೂಸುಗಳ ರಕ್ತವೇ ಹೆಚ್ಚಾಗಿ ಬಳಕೆಯಾಗುತ್ತಿದೆ; ಒಂದರಲ್ಲಿ ಕೋಶಗಳು ಸಾಲದೆ ದೊಡ್ಡವರಿಗೆ ಎರಡು ಕೂಸುಗಳದ್ದನ್ನು ಕೊಡುವುದೂ ಇದೆ. ತನ್ನದೇ ರಕ್ತ ಕ್ಯಾನ್ಸರಿಗೆ ತನ್ನದೇ ಬಳ್ಳಿಯ ರಕ್ತ ಸಾಮಾನ್ಯವಾಗಿ ಒದಗುವುದಿಲ್ಲ: ರೋಗದ ಬೀಜ ಹುಟ್ಟುವಾಗಲೇ ಅದರಲ್ಲಿ ಇದ್ದಿರಬಹುದು. ನಿಮ್ಮ ಮಗುವಿನ ಬಳ್ಳಿಯ ರಕ್ತವನ್ನು ನಿಮಗಾಗಿಯೇ ಕಾದಿಡುತ್ತೇವೆ ಎನ್ನುವ ಖಾಸಗಿ ಬ್ಯಾಂಕುಗಳ ಜಾಹೀರಾತಿಗೆ ನಾವೇಕೆ ಪದ ಒದಗಿಸಬೇಕು?

ವೈದ್ಯರು, ದಾದಿಯರು ಬಳಗದಲ್ಲಿದ್ದರೆ ಒಂದು ಕೋರಿಕೆ: ರೋಗಿಯ ಮನೆಯವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಗೆ ವಿವರಿಸುತ್ತೀರಿ? ಹೊಸ ಕೋಶಗಳು ಮಜ್ಜೆಯಲ್ಲಿ ನೆಲೆಯೂರಿದಾಗ ‘ಕಸಿ ಹಿಡಿಯಿತು’ ಎಂದರೆ ಅವರಿಗೆ ತಿಳಿಯುತ್ತದೆಯೇ?